ಕೊಡುವವನ ಹಕ್ಕು

ದೇವರಿಗೆ ಕೊಡುವುದು ಪುಣ್ಯವೆಂಬುದರಲ್ಲಿ ನಮ್ಮ ಜನಕ್ಕೆ ಎಂದೂ ಸಂಶಯ ಬಂದಂತಿಲ್ಲ. ಕೊಟ್ಟದ್ದು ಕೊಡುವವನದೇ ಆಗಿದ್ದಿತೆ ಎಂಬುದನ್ನು ಮಾತ್ರ ನಾವು ಅಷ್ಟಾಗಿ ಕೇಳಿಕೊಂಡವರಲ್ಲ. ಈ ಪ್ರಶ್ನೆಯನ್ನು ನನ್ನ ಮುಂದೆ ತಂದಿಟ್ಟದ್ದು ಧರ್ಮಗ್ರಂಥವಲ್ಲ. ಎಳೆಯರಿಗೆಂದು ಬರೆದ ಒಂದು ಅದ್ಭುತ ಕಥೆ. ಅಮೆರಿಕದ ಲೇಖಕಿ ಉರ್ಸುಲಾ ಲೆ ಗ್ವಿನ್ (1929–2018) ಅವರ ‘ದ ಟೂಂಬ್ಸ್ ಆಫ್ ಅಟುವಾನ್’ 1971ರಲ್ಲಿ ಪುಸ್ತಕವಾಗಿ ಬಂದಿತು. ಅದರ ದ್ವೀಪಗಳು ಯಾವ ಭೂಪಟದಲ್ಲಿಯೂ ಇಲ್ಲ. ಆದರೂ ಅಲ್ಲಿನ ಒಕ್ಕಲು ಜನರ ಗುರುತು ನಮಗೆ ತಟ್ಟನೆ ಸಿಕ್ಕಿಬಿಡುತ್ತದೆ.

ಅಟುವಾನ್ ದ್ವೀಪದ ಒಂದು ಕಣಿವೆ. ಸೇಬಿನ ಮರಗಳು, ಒಂದು ಗುಡಿಸಲು. ಆ ನಾಡಿನಲ್ಲಿ ಹೆಸರಿಲ್ಲದ ಶಕ್ತಿಗಳ ಗೋರಿಗಳುಂಟು. ಅವುಗಳ ಅರ್ಚಕಿ ಸತ್ತರೆ, ಅದೇ ರಾತ್ರಿ ಹುಟ್ಟಿದ ಹೆಣ್ಣುಮಗುವಾಗಿ ಆಕೆಯೇ ಮರಳಿ ಬರುತ್ತಾಳೆಂದು ಜನರ ನಂಬಿಕೆ. ಹುಡುಕುತ್ತ ಬಂದವರು ಬಡವನೊಬ್ಬನ ಮಗಳು ತೇನಾರಳನ್ನು ಗುರುತಿಸಿದ್ದಾರೆ. ಕರೆದೊಯ್ಯುವ ದಿನ ಹತ್ತಿರವಾಗಿದೆ. ಮುಸ್ಸಂಜೆಯಲ್ಲಿ ಮಗು ಮರಗಳ ನಡುವೆ ಓಡುತ್ತದೆ, ತಾಯಿ ಕೂಗಿ ಕರೆಯುತ್ತಾಳೆ. ತಂದೆ ಬಾಗಿಲಲ್ಲಿ ನಿಂತು ಹೆಂಡತಿಯನ್ನು ಗದರುತ್ತಾನೆ. ಹೋಗಿಯೇ ಹೋಗುವ ಮಗುವಿಗೆ ಮನಸ್ಸು ಅಂಟಿಸಿಕೊಳ್ಳುವುದು ವ್ಯರ್ಥವೆಂದು ಅವನ ವಾದ. ಅವರು ನಾಲ್ಕು ಕಾಸನ್ನಾದರೂ ಕೊಟ್ಟಿದ್ದರೆ ಬೇರೆ ಮಾತು, ಅದೂ ಇಲ್ಲವೆಂಬ ಕೊರಗು ಬೇರೆ.

ಇವನನ್ನು ಕಲ್ಲೆದೆಯವನೆನ್ನುವುದು ಸುಲಭ. ನನಗೇನೋ ಹಾಗೆ ತೋರುವುದಿಲ್ಲ. ಅವನಲ್ಲಿ ಮಾತಿಗೆ ಸಿಗದ ದುಃಖವಿದೆಯೆಂಬುದನ್ನು ಲೇಖಕಿಯೂ ಕಾಣಿಸಿದ್ದಾರೆ. ಒಲ್ಲೆನೆನ್ನಬಲ್ಲವನು ಕೊಟ್ಟರೆ ಅದು ದಾನ. ಒಲ್ಲೆನೆನ್ನಲಾರದವನಿಂದ ಒಯ್ದರೆ ಅದಕ್ಕೆ ಭಕ್ತಿಯೆಂದು ಹೆಸರಿಡುವವರು ಒಯ್ದವರೇ.

ಐತರೇಯ ಬ್ರಾಹ್ಮಣದ ಅಜೀಗರ್ತನನ್ನು ಇವನ ಪಕ್ಕದಲ್ಲಿ ನಿಲ್ಲಿಸಿ ನೋಡಬೇಕು. ಹಸಿದಿದ್ದ ಆ ತಂದೆ ನಡುವಿನ ಮಗ ಶುನಃಶೇಪನನ್ನು ನೂರು ಹಸುಗಳಿಗೆ ಮಾರಿದ. ಕಂಬಕ್ಕೆ ಕಟ್ಟಲು ಇನ್ನು ನೂರು, ಕತ್ತರಿಸಲು ಮತ್ತೆ ನೂರು ಎಂದ. ಮೊದಲ ನೂರನ್ನು ಹಸಿವಿನ ಲೆಕ್ಕಕ್ಕೆ ಬರೆದುಕೊಳ್ಳೋಣ. ಮಿಕ್ಕ ಇನ್ನೂರಕ್ಕೆ ಹಸಿವು ಹೊಣೆಯಲ್ಲ. ಬದುಕಿ ಉಳಿದ ಹುಡುಗ ತಂದೆಯ ಬಳಿಗೆ ಹಿಂದಿರುಗದೆ ವಿಶ್ವಾಮಿತ್ರನ ಮಗನಾದನು. ಇನ್ನು ನಮ್ಮ ಸಿರಿಯಾಳ ಸೆಟ್ಟಿಯ ಕಥೆ: ಅಲ್ಲಿ ಶಿವನು ಚೀಲಾಳನನ್ನು ಮರಳಿ ಕೊಡುತ್ತಾನೆ. ಕೊಡದೆ ಹೋಗಿದ್ದರೆ ಆ ಕಥೆಯನ್ನು ನಾವು ಭಕ್ತಿಯಿಂದ ಓದುತ್ತಿದ್ದೆವೆ? ಅಟುವಾನಿನ ದೇವತೆಗಳು ಮರಳಿ ಕೊಡುವವರಲ್ಲ. ತೇನಾರಳ ಹೆಸರನ್ನೂ ತೆಗೆದುಕೊಂಡು ‘ಅರ್ಹಾ’, ಎಂದರೆ ನುಂಗಲ್ಪಟ್ಟವಳು, ಎಂದು ಕರೆಯುತ್ತಾರೆ.

ಇದು ಬರಿಯ ಕಟ್ಟುಕಥೆಯೆಂದು ನಾವು ನಿರಾಳವಾಗಿರುವಂತಿಲ್ಲ. ದೇವಿಗೆ ಮಕ್ಕಳನ್ನು ಬಿಟ್ಟು ಮುತ್ತು ಕಟ್ಟಿಸುವುದನ್ನು ನಿಷೇಧಿಸುವ ಕಾನೂನು ಕರ್ನಾಟಕದಲ್ಲಿ ಆದದ್ದು 1982ರಲ್ಲಿ. ಅದು ಇತರರಿಗಿಂತ ತಂದೆತಾಯಿಗಳಿಗೇ ಹೆಚ್ಚಿನ ಶಿಕ್ಷೆ ವಿಧಿಸಿತು. ಮಗುವಿನ ಕಡೆಯಿಂದ ನೋಡಿದರೆ ಅದು ಸರಿಯೆ. ಆದರೆ ಹೊಲವಿಲ್ಲದ, ಸಾಲ ತೀರದ ಮನೆಯಲ್ಲಿ ಮಗಳ ತಲೆಯಲ್ಲಿ ಜಡೆ ಕಂಡರೆ ಅದು ದೇವಿಯ ಕರೆಯೆಂದು ಊರೇ ಹೇಳುವಾಗ, ಊರಿಗೆ ಯಾವ ಶಿಕ್ಷೆ?

ಮಕ್ಕಳ ಪರವಾಗಿ ಹಿರಿಯರು ನಿರ್ಧರಿಸದೆ ಸಂಸಾರ ನಡೆದೀತೆ ಎಂದು ಕೇಳಬಹುದು. ಯಾವ ಶಾಲೆ, ಯಾವ ಕಸುಬು ಎಂದು ನಾವೂ ನಿಶ್ಚಯಿಸುತ್ತೇವಲ್ಲ! ನಿಜ. ಆದರೆ ಬಡಗಿಯ ಬಳಿ ಬಿಟ್ಟ ಹುಡುಗ ಬೆಳೆದ ಮೇಲೆ ಉಳಿಯನ್ನು ಕೆಳಗಿಟ್ಟು ಹೊರಟುಬರಬಹುದು. ಬರಲು ಬಾಗಿಲೇ ಇಲ್ಲದ ಕಡೆಗೆ ಒಂದು ಜೀವವನ್ನು ಕಳುಹಿಸುವ ಹಕ್ಕು, ತಂದೆ ಪೂರ್ಣ ಮನಸ್ಸಿನಿಂದಲೇ ಕೊಟ್ಟರೂ, ಅವನಿಗಿಲ್ಲವೆಂದು ನನ್ನ ಅಭಿಪ್ರಾಯ.

ತೇನಾರ್ ಕಡೆಗೆ ಪರನಾಡಿನ ಮಾಂತ್ರಿಕನೊಬ್ಬನ ಜೊತೆಯಲ್ಲಿ ಗೋರಿಗಳನ್ನು ಬಿಟ್ಟು ಹೊರಟಳು. 1990ರಲ್ಲಿ ಬಂದ ‘ತೆಹಾನು’ ಕಾದಂಬರಿಯಲ್ಲಿ ಆಕೆ ಗೋಂಟ್ ದ್ವೀಪದ ರೈತನೊಬ್ಬನ ವಿಧವೆ, ಮಕ್ಕಳನ್ನು ಬೆಳೆಸಿ ಮುಗಿಸಿದವಳು. ತನ್ನವರೇ ಬೆಂಕಿಗೆ ನೂಕಿದ, ಅರ್ಧ ಮುಖ ಸುಟ್ಟ ಒಂದು ಹೆಣ್ಣುಮಗುವನ್ನು ಕರೆತಂದು ಮನೆಯಲ್ಲಿ ಇರಿಸಿಕೊಳ್ಳುತ್ತಾಳೆ.