ಮದ್ದು ಯಾರದು?

ಹಿರೇಮದ್ದಿನ ಗಿಡ, ಅಂದರೆ ಅಶ್ವಗಂಧ, ಮದ್ದು ತಯಾರಿಸುವುದು ಯಾರಿಗಾಗಿ? ನಮಗಾಗಿಯಂತೂ ಅಲ್ಲ. ಅದರ ಎಲೆ, ಬೇರುಗಳಲ್ಲಿರುವ ವಿಥನೊಲೈಡ್ ಎಂಬ ಮದ್ದಿನಂಶಗಳು ಗಿಡ ತನ್ನ ಸುತ್ತ ತಾನೇ ಕಟ್ಟಿಕೊಂಡ ಬೇಲಿ. ನಾವು ಆ ಬೇಲಿಯನ್ನೇ ಕಿತ್ತು, ಪುಡಿಮಾಡಿ, ಹಾಲಿಗೆ ಬೆರೆಸಿ ಕುಡಿಯುತ್ತೇವೆ.

ಔಷಧಿ ಸಸ್ಯಗಳ ಸಾವಯವ ಕೃಷಿಯನ್ನೇ ಜೀವಮಾನದ ಕೆಲಸ ಮಾಡಿಕೊಂಡ ಸಂಶೋಧಕರಿಗೆ ಪೀಕಲಾಟ ಶುರುವಾಗುವುದು ಇಲ್ಲೇ. ಬದನೆಗೆ ಬೀಳುವ ಚುಕ್ಕೆ ಜೀರುಂಡೆ ಅದೇ ಕುಟುಂಬದ ಅಶ್ವಗಂಧವನ್ನೂ ಬಿಡುವುದಿಲ್ಲ. ಎಲೆಯ ಹಸಿರನ್ನು ಕೆರೆದು ತಿಂದು, ಜರಡಿಯಂತೆ ಬರೀ ನರಗಳನ್ನು ಉಳಿಸುತ್ತದೆ. ರೈತರಿಗೆ ಬೇವಿನ ಕಷಾಯ ಸಿಂಪಡಿಸಲು ಹೇಳಬೇಕಾಗುತ್ತದೆ. ಅಂದರೆ ಬೇವು ತನಗಾಗಿ ಮಾಡಿಕೊಂಡ ಕಹಿಯನ್ನು ಅಶ್ವಗಂಧದ ಮೈಗೆ ಬಳಿಯುವುದು! ಹುಳುವಿನ ಕಾಟವೇ ಇಲ್ಲದಂತೆ ಸಾಕಿದ ಗಿಡ ತನ್ನ ಕಹಿಯನ್ನು ಅಷ್ಟೇ ಮುತುವರ್ಜಿಯಿಂದ ಕಾಪಾಡಿಕೊಂಡೀತೇ ಎಂಬ ಪ್ರಶ್ನೆ ಆಮೇಲೆ ನಿದ್ದೆ ಕೆಡಿಸುತ್ತದೆ.

ಹಾಗಂತ ಗಿಡವನ್ನು ಗೋಳಾಡಿಸಿದಷ್ಟೂ ಮದ್ದು ಹೆಚ್ಚು, ಸಾರಜನಕದ ಗೊಬ್ಬರ ಕೊಟ್ಟಷ್ಟೂ ಕಡಿಮೆ ಎಂದು ಸೂತ್ರ ಬರೆದಿಡಲೂ ಆಗದು. ವಿಥನೊಲೈಡ್‌ನಲ್ಲಿ ಸಾರಜನಕವೇ ಇಲ್ಲ. ಕ್ಯಾನ್ಸರ್ ಚಿಕಿತ್ಸೆಗೆ ಬಳಸುವ, ನಿತ್ಯಪುಷ್ಪದ ವಿನ್‌ಕ್ರಿಸ್ಟಿನ್ನಿನ ಅಣುವಿನಲ್ಲಿ ಅದು ಇದೆ. ಒಂದಕ್ಕೆ ಹೇಳಿದ ಮಾತು ಇನ್ನೊಂದಕ್ಕೆ ಹೊಂದುವುದಿಲ್ಲ. ಸಾವಯವ ಎಂದಮೇಲೆ ಗುಣ ಹೆಚ್ಚೇ ಇರುತ್ತದೆ ಎಂದು ಭಾಷಣ ಮಾಡುವವರಿಗೆ ಈ ತಾಪತ್ರಯವಿಲ್ಲ, ಬಿಡಿ.

ಕಾಲದ ಲೆಕ್ಕವೂ ಕೂಡಿಬರುವುದಿಲ್ಲ. ಅಶ್ವಗಂಧ ಐದಾರು ತಿಂಗಳ ಬೆಳೆ. ಆದರೆ ಸಾವಯವ ಪ್ರಮಾಣಪತ್ರ ಬೇಕೆಂದರೆ ವಾರ್ಷಿಕ ಬೆಳೆಯ ಹೊಲಕ್ಕೆ ಎರಡು ವರ್ಷ, ಬಹುವಾರ್ಷಿಕ ಬೆಳೆಗೆ ಮೂರು ವರ್ಷ ಪರಿವರ್ತನೆಯ ಅವಧಿ. ಮೂರು ವರ್ಷದ ಪ್ರಾಜೆಕ್ಟು ಹಿಡಿದು ಬಂದವರು ವರದಿ ಒಪ್ಪಿಸುವ ಹೊತ್ತಿಗೆ ಮಣ್ಣು ಆಗಷ್ಟೇ ಸುಧಾರಿಸಿಕೊಳ್ಳುತ್ತಿರುತ್ತದೆ. ಶ್ರೀಗಂಧದಂಥ ಮರ ಹಿಡಿದು ಕೂತವರ ಪಾಡು ಕೇಳುವುದೇ ಬೇಡ.

ಇಷ್ಟೆಲ್ಲ ದಾಟಿ ಬೇರು ಮಂಡಿಗೆ ಹೋಗುತ್ತದೆ. ಮಧ್ಯಪ್ರದೇಶದ ನೀಮಚ್ ಅಶ್ವಗಂಧದ ದೊಡ್ಡ ಮಾರುಕಟ್ಟೆ. ವ್ಯಾಪಾರಿ ಒಂದು ತುಂಡು ಎತ್ತಿ ಮುರಿಯುತ್ತಾನೆ. ದಪ್ಪಗಿದ್ದು, ಪಟ್ಟನೆ ಮುರಿದು, ಒಳಗೆ ಬೆಳ್ಳಗೆ ಕಂಡರೆ ಮೊದಲ ದರ್ಜೆ. ಆ ಬಿಳುಪು ಪಿಷ್ಟದ್ದು. ವಿಥನೊಲೈಡ್ ಎಷ್ಟಿದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ, ಅದಕ್ಕೆ ಪ್ರಯೋಗಾಲಯದ ಎಚ್‌ಪಿಎಲ್‌ಸಿ ಯಂತ್ರವೇ ಬೇಕು. ಸಂಶೋಧಕರು ವರ್ಷಗಟ್ಟಲೆ ಹುಡುಕಿದ್ದು ಮದ್ದನ್ನು, ಮಂಡಿ ದುಡ್ಡು ಕೊಡುವುದು ಪಿಷ್ಟಕ್ಕೆ. ಎಕರೆಗೆ ಎಷ್ಟು ಕ್ವಿಂಟಲ್ ಎಂದಷ್ಟೇ ಕೇಳುವ ರೈತನನ್ನು ಬೈದು ಏನು ಪ್ರಯೋಜನ? ತಕ್ಕಡಿ ಅವನಿಗೆ ಅದನ್ನೇ ಕಲಿಸಿದೆ.

ಬೇರಿನಿಂದ ಸಾರ ತೆಗೆದು ಮಾರುವ ಕಂಪನಿಗಳು ಮದ್ದಿನಂಶವನ್ನು ಹೇಗೂ ಅಳೆದೇ ಅಳೆಯುತ್ತವೆ. ಆ ವರದಿಯ ಒಂದು ಪ್ರತಿಯನ್ನು ಬೆಳೆದವನ ಕೈಗೂ ಕೊಡಲಿ, ದರವನ್ನು ಅದರ ಮೇಲೆಯೇ ಕಟ್ಟಲಿ.