ಕೆದಕದ ಕೆಂಡ

ಬೈಬಲಿನ ವಿಮೋಚನಕಾಂಡದ 35ನೆಯ ಅಧ್ಯಾಯದ ಆರಂಭದಲ್ಲಿ, ಮೋಶೆಯು ಇಸ್ರಾಯೇಲ್ಯರ ಸಮೂಹವನ್ನೆಲ್ಲ ನೆರೆಯಿಸಿ, ದೇವರ ಗುಡಾರವನ್ನು ಕಟ್ಟುವ ಬಗೆಯನ್ನು ವಿವರಿಸುವುದಕ್ಕೂ ಮುನ್ನ, ಶುಕ್ರವಾರದ ಸಂಜೆಯಿಂದ ಶನಿವಾರದ ಸಂಜೆಯವರೆಗಿನ ವಿಶ್ರಾಂತಿದಿನವಾದ ಸಬ್ಬತ್ತಿನಂದು ಮನೆಗಳಲ್ಲಿ ಬೆಂಕಿ ಹೊತ್ತಿಸಬಾರದೆಂಬ ವಿಧಿಯನ್ನು ಸಾರುತ್ತಾನೆ. ಹೊತ್ತಿಸಕೂಡದು, ಸರಿ, ಆದರೆ ಹಿಂದಿನ ದಿನವೇ ಹೊತ್ತಿಸಿಟ್ಟ ಬೆಂಕಿ ಆ ದಿನವೂ ಉರಿಯುತ್ತಿರಬಹುದೆ? ಶುಕ್ರವಾರ ಸೂರ್ಯಾಸ್ತಕ್ಕೆ ಮೊದಲು ಒಲೆಯೇರಿದ ದನದ ಮಾಂಸದ ಮಡಕೆ ಶನಿವಾರ ಮಧ್ಯಾಹ್ನದವರೆಗೂ ಬೇಯುತ್ತಲೇ ಇದ್ದರೆ, ಆ ಮನೆಯವರು ವಿರಮಿಸಿದರೆನ್ನಬೇಕೆ, ದುಡಿದರೆನ್ನಬೇಕೆ? ಮೇಲುನೋಟಕ್ಕೆ ಅಡುಗೆಮನೆಯದಾಗಿ ತೋರುವ ಈ ಪ್ರಶ್ನೆಯೊಳಗೆ ವಿಶ್ರಾಂತಿಯ ಸ್ವರೂಪವೇನು, ಮನುಷ್ಯನ ಕರ್ತೃತ್ವ ಎಲ್ಲಿಗೆ ಮುಗಿಯುತ್ತದೆ ಎಂಬ ಗಹನವಾದ ವಿಚಾರ ಅಡಗಿರುವುದರಿಂದ, ಯೆಹೂದ್ಯರ ಪಂಡಿತರು ಅದನ್ನು ಎರಡು ಸಾವಿರ ವರ್ಷಗಳಷ್ಟು ಕಾಲ ಬಿಡದೆ ಮಥಿಸಿದ್ದಾರೆ. ದನದ ಮಾಂಸವೆಂದೊಡನೆ ನಮ್ಮಲ್ಲಿ ಅನೇಕರ ಮನಸ್ಸು ಹಿಂಜರಿಯುವುದುಂಟು. ಅದನ್ನು ಸಂತೋಷದಿಂದ ಉಣ್ಣುವವರೂ ನಮ್ಮ ಊರುಗಳಲ್ಲಿಯೇ ಉಂಟು. ಇಬ್ಬರೂ ಈ ವಿಚಾರಕ್ಕೆ ಕಿವಿಗೊಡಬಹುದೆಂದು ನಾನು ನಂಬಿದ್ದೇನೆ.

ಪೂರ್ವ ಯೂರೋಪಿನ ಯೆಹೂದ್ಯರು ಚೋಲೆಂಟ್ ಎಂದೂ, ಸ್ಪೇನಿನಿಂದ ಹೊರಟು ಮೆಡಿಟರೇನಿಯನ್ ತೀರಗಳಲ್ಲಿ ನೆಲೆಸಿದವರು ಹಮೀನ್ ಎಂದೂ ಕರೆಯುವ ಈ ಅಡುಗೆಗೆ ಬೇಕಾದುದು ದನದ ಮಾಂಸದಲ್ಲಿ ಅಗ್ಗವಾದ ಭಾಗ: ಎದೆಯದು, ಕತ್ತಿನದು, ಮುಂಗಾಲಿನದು. ಅಗ್ಗದ ಭಾಗವನ್ನು ಆರಿಸಿಕೊಳ್ಳುವುದಕ್ಕೆ ಬಡತನವಷ್ಟೇ ಕಾರಣವಲ್ಲ. ಯಾಕೋಬನು ಇರುಳೆಲ್ಲ ಅಜ್ಞಾತನಾದ ಪುರುಷನೊಬ್ಬನೊಡನೆ ಸೆಣಸಿ ತೊಡೆಯ ಕೀಲು ತಪ್ಪಿಸಿಕೊಂಡ ಕಥೆ ಆದಿಕಾಂಡದ 32ನೆಯ ಅಧ್ಯಾಯದಲ್ಲಿದ್ದು, ಅದರ ಸ್ಮರಣೆಗಾಗಿ ಪ್ರಾಣಿಯ ತೊಡೆಯ ಆ ನರವನ್ನು ಅವರು ತಿನ್ನರು. ಆ ನರವನ್ನೂ ಅದರ ಸುತ್ತಣ ನಿಷಿದ್ಧವಾದ ಕೊಬ್ಬನ್ನೂ ಎಳೆಯೆಳೆಯಾಗಿ ಬಿಡಿಸುವುದು ಬಹಳ ಶ್ರಮದ ಕೆಲಸವಾದಕಾರಣ, ಅನೇಕ ಊರುಗಳ ಕಟುಕರು ಹಿಂಭಾಗವನ್ನೇ ಅನ್ಯರಿಗೆ ಮಾರಿಬಿಡುತ್ತಿದ್ದರು. ಎಳಸಾದ ಸೊಂಟದ ಮಾಂಸ ಹಾಗೆ ಕೈತಪ್ಪಿ, ಗಡುಸಾದ ಮುಂಭಾಗ ಮಾತ್ರ ಮನೆಗೆ ಬರುತ್ತಿತ್ತು. ದನಕ್ಕೆ ಮನುಷ್ಯನಿಗಿರುವಂತೆ ಕೊರಳೆಲುಬಿಲ್ಲ. ಆದ್ದರಿಂದ ಅದರ ಮೈಭಾರದ ಬಹುಪಾಲನ್ನು ಎದೆಯ ಸ್ನಾಯುಗಳೇ ಹಗಲಿರುಳೂ ಹೊರಬೇಕು, ಹಾಗೆ ಹೊತ್ತು ಹೊತ್ತು ಆ ಸ್ನಾಯುಗಳ ನಡುನಡುವೆ ಕಾಲಜನ್ ಎಂಬ ಬಿಗಿಯಾದ ನಾರು ಹಬ್ಬಿಕೊಳ್ಳುತ್ತದೆ. ಆ ಗಡಸುತನ ಪ್ರಾಣಿಯ ದುಡಿಮೆಯೇ ಅದರ ದೇಹದಲ್ಲಿ ಹೆಪ್ಪುಗಟ್ಟಿದ ರೂಪವೆಂದರೆ ಉತ್ಪ್ರೇಕ್ಷೆಯಾಗದು.

ಇಂತಹ ಮಾಂಸವನ್ನು ಬೆಂಕಿಗಿಟ್ಟರೆ ಅದು ಮೊದಲು ಮೆತ್ತಗಾಗುವುದಿಲ್ಲ, ಇನ್ನಷ್ಟು ಗಡುಸಾಗುತ್ತದೆ. ಎಳೆಗಳು ಮುದುಡಿ ತಮ್ಮೊಳಗಿನ ನೀರನ್ನು ಹಿಂಡಿ ಹೊರದೂಡುವುದರಿಂದ, ಒಂದು ಗಂಟೆಯ ಬಳಿಕ ಮಡಕೆಗೆ ಇಣುಕುವ ಅಡುಗೆಯವಳಿಗೆ ತನ್ನ ಪ್ರಯತ್ನವೆಲ್ಲ ವ್ಯರ್ಥವಾಯಿತೆಂದೇ ತೋರಬೇಕು. ನೀರಿನ ಶಾಖ 60 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ, ನಿಜವಾಗಿ ನೋಡಿದರೆ 70, 80ರ ಮಟ್ಟದಲ್ಲಿ, ಆ ಬಿಗಿನಾರು ನೀರಿನೊಡನೆ ಕೂಡಿ ನಿಧಾನವಾಗಿ ಬಿಚ್ಚಿಕೊಳ್ಳತೊಡಗಿ, ಹಲವು ಗಂಟೆಗಳ ತರುವಾಯ ಮೃದುವಾದ ಅಂಟಾಗಿ ಕರಗುತ್ತದೆ. ಉರಿಯನ್ನು ಹೆಚ್ಚಿಸಿ ಈ ಕಾಲವನ್ನು ಕುಗ್ಗಿಸಹೊರಟವನಿಗೆ ದೊರೆಯುವುದು ಒಣಗಿದ ಎಳೆಗಳ ಕಟ್ಟು ಮಾತ್ರ. ಹಣವಿದ್ದವನು ಎಳಸಾದ ಮಾಂಸವನ್ನು ಕೊಂಡು ಕ್ಷಣದಲ್ಲಿ ಹುರಿದಾನು. ಅಗ್ಗದ ತುಂಡನ್ನು ತಂದವನು ಅದರ ಬೆಲೆಯ ಉಳಿದ ಭಾಗವನ್ನು ಕಾಲದ ರೂಪದಲ್ಲಿ ತೆರಲೇಬೇಕು.

ಮಾಡುವ ಬಗೆ ಸರಳ. ಮಾಂಸವನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ನೆತ್ತರು ಇಳಿದುಹೋಗುವಂತೆ ಇಳಿಜಾರಾದ ಹಲಗೆಯ ಮೇಲೆ ಒಂದು ಗಂಟೆ ದಪ್ಪ ಉಪ್ಪಿನಲ್ಲಿಟ್ಟು, ಮೂರು ಬಾರಿ ತೊಳೆಯುವುದು ಅವರ ಆಹಾರವಿಧಿ. ಗುರುವಾರ ರಾತ್ರಿ ನೆನೆಹಾಕಿದ ಬಿಳಿಯ ಹುರುಳಿಕಾಯಿ ಬೀಜ, ಜವೆಗೋಧಿ, ಸಿಪ್ಪೆ ತೆಗೆದ ಇಡೀ ಆಲೂಗಡ್ಡೆ, ಕೆಂಪಗೆ ಹುರಿದ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಇವುಗಳ ನಡುವೆ ಮಾಂಸದ ದೊಡ್ಡ ತುಂಡುಗಳನ್ನೂ ಒಂದೆರಡು ಮಜ್ಜೆಯ ಎಲುಬನ್ನೂ ಹುದುಗಿಸಿ, ಮುಳುಗುವಷ್ಟು ನೀರೆರೆದು ಕುದಿ ಬರಿಸಿ, ಮುಚ್ಚಳದ ಅಂಚಿಗೆ ಹಿಟ್ಟು ಮೆತ್ತುವರು. ಪೋಲೆಂಡ್, ಲಿಥುವೇನಿಯಾಗಳ ಸಣ್ಣ ಊರುಗಳಲ್ಲಿ ಹೀಗೆ ಸಿದ್ಧವಾದ ಮಡಕೆಗಳು ಶುಕ್ರವಾರ ಸಂಜೆ ರೊಟ್ಟಿ ಸುಡುವವನ ದೊಡ್ಡ ಒಲೆಗೆ ಸೇರುತ್ತಿದ್ದವು; ಅವನು ಒಲೆಯ ಬಾಯಿಗೆ ಜೇಡಿಮಣ್ಣು ಮೆತ್ತಿ ಮುಚ್ಚುವನು; ಮರುದಿನ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳು ಹೋಗಿ ತಮ್ಮ ತಮ್ಮ ಮನೆಯ ಮಡಕೆಯನ್ನು ಗುರುತಿಸಿ ತರುವರು. ಆ ಹೊತ್ತಿಗೆ ಆಲೂಗಡ್ಡೆ ಒಳಗಿನವರೆಗೂ ಕಂದುಬಣ್ಣಕ್ಕೆ ತಿರುಗಿ, ಮಾಂಸ ಚಮಚೆಯ ಅಂಚು ತಾಗಿದರೆ ಸಾಕು ಎಳೆಯೆಳೆಯಾಗಿ ಬಿಡಿಸಿಕೊಳ್ಳುವ ಹದಕ್ಕೆ ಬಂದಿರುತ್ತಿತ್ತು.

ಈ ಮಡಕೆಯನ್ನು ಒಪ್ಪದವರೂ ಇದ್ದರು. ಎಂಟನೆಯ ಶತಮಾನದಲ್ಲಿ ಇರಾಕ್ ದೇಶದಲ್ಲಿದ್ದ ಅನಾನ್ ಬೆನ್ ದಾವೀದನನ್ನು ತಮ್ಮ ಮೂಲಪುರುಷರಲ್ಲಿ ಒಬ್ಬನೆಂದು ಎಣಿಸುವ ಕರಾಯಿ ಪಂಥದವರು, ರಬ್ಬಿಗಳೆಂಬ ಧರ್ಮಪಂಡಿತರ ಪರಂಪರಾಗತ ವ್ಯಾಖ್ಯಾನವನ್ನು ತಳ್ಳಿಹಾಕಿ ಮೂಲವಾಕ್ಯವನ್ನೇ ಹಿಡಿದು, ಸಬ್ಬತ್ತಿನಂದು ಮನೆಯಲ್ಲಿ ಬೆಂಕಿಯೇ ಇರಕೂಡದೆಂದು ತೀರ್ಮಾನಿಸಿ, ಶುಕ್ರವಾರದ ಇರುಳನ್ನು ಕತ್ತಲೆಯಲ್ಲಿ ಕಳೆದು ಮರುದಿನ ತಣ್ಣನೆಯ ಆಹಾರವನ್ನುಂಡರು. ಅದಕ್ಕೆ ಪ್ರತಿಯಾಗಿ ಹನ್ನೆರಡನೆಯ ಶತಮಾನದ ಪಂಡಿತ ಜೆರಾಹಿಯಾ ಹಾಲೇವಿಯು, ಸಬ್ಬತ್ತಿನಂದು ಬಿಸಿಯೂಟ ಉಣ್ಣದವನ ಧರ್ಮನಿಷ್ಠೆಯನ್ನೇ ಶಂಕಿಸಬೇಕೆಂಬಷ್ಟು ದೂರ ಹೋದನು. ಕರಾಯಿಗಳ ನಿಲವಿನಲ್ಲಿ ಒಂದು ಘನತೆಯಿದೆಯೆಂಬುದನ್ನು ನಾನು ಅಲ್ಲಗಳೆಯಲಾರೆ: ನನಗಾಗಿ ಉರಿಯುವ ಬೆಂಕಿ, ಅದನ್ನು ನಾನು ನಿನ್ನೆಯೇ ಹೊತ್ತಿಸಿದ್ದರೂ, ಇಂದಿಗೂ ನನ್ನ ಕೆಲಸವೇ ಎಂಬ ಆ ಕಟ್ಟುನಿಟ್ಟು ಆತ್ಮವಂಚನೆಗೆ ಎಡೆಗೊಡದು. ಆದರೂ ವಿಚಾರಿಸಿದಷ್ಟೂ ನನ್ನ ಮನಸ್ಸು ರಬ್ಬಿಗಳ ಕಡೆಗೇ ವಾಲುತ್ತದೆ. ವಿಶ್ರಾಂತಿಯೆಂದರೆ ಜಗತ್ತೇ ನಿಂತುಹೋಗುವುದಲ್ಲ. ಬಿತ್ತಿದ ಬೀಜ ಸಬ್ಬತ್ತಿನಂದೂ ಮೊಳೆಯುತ್ತದೆ, ಹರಿಯುವ ಹೊಳೆ ಹರಿಯುತ್ತದೆ. ನಿಲ್ಲಬೇಕಾದುದು, ಇವೆಲ್ಲವೂ ನನ್ನಿಂದಲೇ ನಡೆಯುತ್ತಿವೆಯೆಂದು ಮತ್ತೆ ಮತ್ತೆ ಚಾಚುವ ಕೈ.

ರಬ್ಬಿಗಳು ಇದನ್ನು ಎಷ್ಟು ಸೂಕ್ಷ್ಮವಾಗಿ ಕಂಡಿದ್ದರೆಂಬುದಕ್ಕೆ ಸುಮಾರು ಕ್ರಿ. ಶ. 200ರ ವೇಳೆಗೆ ಸಂಕಲಿತವಾದ ಮಿಷ್ನಾ ಎಂಬ ಧರ್ಮಶಾಸ್ತ್ರಗ್ರಂಥದಲ್ಲಿಯೂ, ಅದನ್ನು ಅನುಸರಿಸಿದ ತಾಲ್ಮೂದಿನಲ್ಲಿಯೂ ಸಾಕಷ್ಟು ನಿದರ್ಶನಗಳಿವೆ. ಸಬ್ಬತ್ತಿನಂದು ಮಾಡಬಾರದ 39 ಬಗೆಯ ಕೆಲಸಗಳನ್ನು ಮಿಷ್ನಾ ಎಣಿಸುತ್ತದೆ, ಅಡುಗೆ ಅವುಗಳಲ್ಲೊಂದು. ಆದರೆ ಮುನ್ನಾದಿನ ಒಲೆಗೇರಿಸಿದ ಅಡುಗೆಯ ಬಗ್ಗೆ ಅವರಿಗಿದ್ದ ಭಯ ಬೆಂಕಿಯದಲ್ಲ, ಬೇಯುವುದರದೂ ಅಲ್ಲ. ಬೇಗ ಬೇಯಲೆಂದು ಮನೆಯವರು ಎಲ್ಲಿ ಮೈಮರೆತು ಕೆಂಡವನ್ನು ಕೆದಕಿಬಿಡುವರೋ ಎಂಬುದು. ಆದಕಾರಣ ಹುಲ್ಲುಕಡ್ಡಿಯಿಂದ ಕಾಯಿಸಿದ ಒಲೆಯ ಮೇಲೆ ಮಡಕೆಯನ್ನು ಬಿಡಬಹುದು, ಅದರಲ್ಲಿ ಕೆದಕಲು ಕೆಂಡವೇ ಉಳಿಯದು. ಕಟ್ಟಿಗೆಯಿಂದ ಕಾಯಿಸಿದ್ದಾದರೆ ಕೆಂಡವನ್ನು ಗೋರಿ ತೆಗೆಯಬೇಕು, ಇಲ್ಲವೆ ಬೂದಿ ಮುಚ್ಚಬೇಕು. ಬೂದಿ ಮುಚ್ಚಿದರೆ ಬೆಂಕಿ ನಂದುವುದಿಲ್ಲವಷ್ಟೆ. ತನ್ನ ಆತುರಕ್ಕೆ ತಾನೇ ಒಂದು ಅಡ್ಡಿಯನ್ನು ಹಾಕಿಕೊಂಡಂತಾಗುತ್ತದೆ.

ಇದಕ್ಕಿಂತಲೂ ಸೋಜಿಗದ ಒಂದು ತೀರ್ಪುಂಟು. ಅರೆಬೆಂದ ಮಡಕೆಯ ವಿಷಯದಲ್ಲಿ ಇಷ್ಟೊಂದು ಎಚ್ಚರ ವಹಿಸುವ ತಾಲ್ಮೂದು, ಸಬ್ಬತ್ ಆರಂಭವಾಗುವ ಹೊತ್ತಿಗೆ ಸರಿಯಾಗಿ ಹಸಿಯ ಮಾಂಸವನ್ನು ಮಡಕೆಗೆ ಹಾಕಿ ಒಲೆಯ ಮೇಲಿಟ್ಟರೆ ಅಡ್ಡಿಯಿಲ್ಲವೆನ್ನುತ್ತದೆ. ಅಷ್ಟು ಹಸಿಯಾಗಿರುವುದು ಆ ರಾತ್ರಿಯ ಊಟಕ್ಕೆ ಹೇಗೂ ಒದಗದೆಂದು ತಿಳಿದು, ಮನೆಯವನು ನಾಳೆಯವರೆಗೆ ಅದರ ಮೇಲಿನ ಮನಸ್ಸನ್ನೇ ತೆಗೆದುಬಿಡುತ್ತಾನೆ. ಮನಸ್ಸು ಅಲ್ಲಿಲ್ಲದವನ ಕೈ ಕೆಂಡದ ಕಡೆಗೆ ಹೋಗದು. ಒಲೆ ಅದೇ, ಕೆಂಡ ಅದೇ, ಮಾಂಸ ಅದೇ. ಧರ್ಮಾಧರ್ಮಗಳ ಭೇದವೆಲ್ಲ ಉಣ್ಣಬೇಕಾದವನ ಅಪೇಕ್ಷೆಯಲ್ಲಿ ನಿಂತಿದೆ. ಫಲದ ಮೇಲಣ ಕಣ್ಣನ್ನು ತೆಗೆದು ಕರ್ಮವನ್ನು ನೋಡೆಂಬ ಬೋಧನೆಯನ್ನು ಗೀತೆಯ ಮೂಲಕ ಕೇಳುತ್ತ ಬೆಳೆದ ನಮಗೆ ಈ ತೀರ್ಪು ಪರಕೀಯವೆನಿಸಲಾರದು. ಇನ್ನು, ಮಾಂಸ ಎಷ್ಟರಮಟ್ಟಿಗೆ ಬೆಂದಿದ್ದರೆ ಅದನ್ನು ಆಹಾರವೆನ್ನಬೇಕೆಂಬ ಪ್ರಶ್ನೆಗೆ ಅವರು ಹಿಡಿದ ಅಳತೆಗೋಲು ಬೆನ್ ದ್ರೋಸಾಯ್ ಎಂಬ ದರೋಡೆಗಾರನದು. ಬೆನ್ನಟ್ಟಿ ಬರುವವರ ಭೀತಿಯಿಂದ ಅವನು ಮಾಂಸವನ್ನು ಪೂರ್ತಿ ಬೇಯಗೊಡದೆ ತಿನ್ನುತ್ತಿದ್ದನಂತೆ. ಮಧ್ಯಯುಗದ ಪಂಡಿತರಲ್ಲಿ, ಮೂರರಲ್ಲೊಂದು ಪಾಲು ಬೆಂದರೆ ಅವನಿಗೆ ಸಾಕಾಗಿತ್ತೆಂದು ರಾಷಿಯೂ, ಅರ್ಧ ಬೇಯಬೇಕಾಗಿತ್ತೆಂದು ಮೈಮೋನಿದೀಸನೂ ವ್ಯಾಖ್ಯಾನಿಸಿದ್ದಾರೆ. ಶಾಸ್ತ್ರಗ್ರಂಥದಲ್ಲಿ ಕಳ್ಳನೊಬ್ಬನ ಹೆಸರು ಹೀಗೆ ಚಿರಸ್ಥಾಯಿಯಾದುದು ಯುಕ್ತವೆಂದೇ ನನಗೆ ತೋರುತ್ತದೆ, ಏಕೆಂದರೆ ಬೇಯುವವರೆಗೆ ಕಾಯಲಾರದೆ ಇರುವುದು ಅವನ ಬಾಳಿನ ದಂಡನೆಯಾಗಿತ್ತು. ಸಬ್ಬತ್ತಿನ ಮಡಕೆಯ ಮುಂದೆ ಕುಳಿತ ಬಡವನನ್ನಾದರೋ ಯಾರೂ ಬೆನ್ನಟ್ಟಿ ಬರುತ್ತಿಲ್ಲ.

ಹಾಗೆ ಬೆನ್ನಟ್ಟಿದ ಕಾಲವೂ ಇತ್ತೆನ್ನಿ. 1478ರಲ್ಲಿ ಸ್ಥಾಪಿತವಾದ ಸ್ಪೇನಿನ ಧರ್ಮವಿಚಾರಣೆಯ ನ್ಯಾಯಸ್ಥಾನವು, ಕ್ರೈಸ್ತಮತಕ್ಕೆ ಸೇರಿಯೂ ಒಳಗೊಳಗೇ ಹಳೆಯ ಆಚಾರವನ್ನು ಉಳಿಸಿಕೊಂಡವರನ್ನು ಹುಡುಕುವಾಗ, ಶುಕ್ರವಾರ ಒಲೆಗೇರಿ ಶನಿವಾರ ಇಳಿಯುವ ಮಡಕೆಯನ್ನು ಅಪರಾಧದ ಕುರುಹಾಗಿ ಎಣಿಸಿತು. ಮನೆಗೆಲಸದವರ ಸಾಕ್ಷ್ಯದ ಮೇಲೆ ಹೆಂಗಸರು ಕಟಕಟೆ ಹತ್ತಿದರು. ಜರ್ಮನ್ ಕವಿ ಹೈನೆಯಾದರೋ 1825ರಲ್ಲಿ ತಾನೇ ಯೆಹೂದ್ಯಮತದಿಂದ ಕ್ರೈಸ್ತಮತಕ್ಕೆ ಮತಾಂತರ ಹೊಂದಿದ್ದವನು, ಪ್ಯಾರಿಸ್ಸಿನಲ್ಲಿ ಏಳಲಾರದೆ ಹಾಸಿಗೆ ಹಿಡಿದಿದ್ದಾಗ, 1851ರಲ್ಲಿ ಬೆಳಕು ಕಂಡ ತನ್ನ ಕವಿತೆಯೊಂದರಲ್ಲಿ ಈ ಅಡುಗೆಯನ್ನು ಮನಸಾರೆ ಕೊಂಡಾಡಿದನು. ಲಿಥುವೇನಿಯಾದಲ್ಲಿ ಮಡಕೆಯನ್ನು ರೊಟ್ಟಿಯಂಗಡಿಗೆ ಒಯ್ಯುತ್ತಿದ್ದ ಬಗೆಯನ್ನು ತಾಯಿಯ ಬಾಯಿಂದ ಕೇಳಿದ್ದ ಅರ್ವಿಂಗ್ ನ್ಯಾಕ್ಸನ್ ಎಂಬ ಅಮೆರಿಕದ ಯಂತ್ರಶಿಲ್ಪಿ, ನಿಧಾನವಾಗಿ ಬೇಯಿಸುವ ವಿದ್ಯುತ್ ಪಾತ್ರೆಯೊಂದನ್ನು ರೂಪಿಸಿ 1940ರಲ್ಲಿ ಪೇಟೆಂಟ್ ಪಡೆದನು. ಮುಂದೆ ಕ್ರಾಕ್-ಪಾಟ್ ಎಂಬ ಹೆಸರಿನಲ್ಲಿ ಮನೆಮನೆಗೂ ಹೋದುದು ಅದರ ಸಂತತಿಯೇ. ಕೆದಕಲು ಕೆಂಡವೇ ಇಲ್ಲದ ಆ ಪಾತ್ರೆಯ ವಿಷಯದಲ್ಲಿಯೂ ರಬ್ಬಿಗಳ ಚರ್ಚೆ ನಿಂತಿಲ್ಲ.

ಆದರೆ ಈ ವಿಶ್ರಾಂತಿ ಯಾರ ದುಡಿಮೆಯ ಮೇಲೆ ನಿಂತಿದೆ? ಗುರುವಾರ ರಾತ್ರಿಯಿಂದ ಶುಕ್ರವಾರದ ಸಂಜೆಯವರೆಗೆ ನೆನೆಸಿ, ಹೆಚ್ಚಿ, ತೊಳೆದು, ಮುಚ್ಚಳಕ್ಕೆ ಹಿಟ್ಟು ಮೆತ್ತಿದ ಗೃಹಿಣಿಯ ದಣಿವನ್ನು ಶಾಸ್ತ್ರಕಾರರು ಬೆನ್ ದ್ರೋಸಾಯ್‌ನನ್ನು ನೆನೆದಷ್ಟು ಪ್ರೀತಿಯಿಂದ ನೆನೆಯಲಿಲ್ಲ. ಚಳಿಗಾಲದ ಸಬ್ಬತ್ತಿನಂದು ಒಲೆ ಹೊತ್ತಿಸಲು ಅನ್ಯಧರ್ಮದ ನೆರೆಯವನೊಬ್ಬನು ಬಂದುಹೋಗುವ ವಾಡಿಕೆಯೂ ಬೆಳೆಯಿತು. ಊರಬಾಗಿಲೊಳಗಿನ ಪರದೇಶಿಗೂ ಆ ದಿನ ಬಿಡುವಿರಬೇಕೆಂದು ದಶಾಜ್ಞೆಗಳಲ್ಲಿಯೇ ಇದ್ದಾಗ ಇದು ಹೇಗೆ ಸರಿಯೆಂದು ಕೇಳಿದವರಿಗೆ ಕೊಟ್ಟ ಸಮಾಧಾನಗಳು ನನಗೆ ತೃಪ್ತಿ ಕೊಟ್ಟಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಎತ್ತಿನ ಪ್ರಶ್ನೆಯಿದೆ. ಧರ್ಮೋಪದೇಶಕಾಂಡದ 5ನೆಯ ಅಧ್ಯಾಯವು ಸಬ್ಬತ್ತಿನ ವಿಶ್ರಾಂತಿಯನ್ನು ಯಜಮಾನನಿಗೂ, ಮಗನಿಗೂ ಮಗಳಿಗೂ, ಆಳಿಗೂ, ಹೆಸರಿಟ್ಟು ಎತ್ತಿಗೂ ಕೊಡುತ್ತದೆ. ಅದೇ ಗ್ರಂಥ ಮುಂದೆ, ಕಣ ತುಳಿಯುವ ಎತ್ತಿನ ಬಾಯಿಗೆ ಕುಕ್ಕೆ ಕಟ್ಟಕೂಡದೆನ್ನುತ್ತದೆ. ನೊಗ ಹೊತ್ತು ಗಡುಸಾದ ಎದೆಗೆ ವಾರಕ್ಕೊಂದು ದಿನದ ಬಿಡುವನ್ನಿತ್ತ ಧರ್ಮವೇ, ಆ ಬಿಡುವಿನ ದಿನದ ಊಟಕ್ಕೆ ಆ ಎದೆಯನ್ನೇ ಮಡಕೆಗಿಳಿಸಲು ಅನುಮತಿಸುತ್ತದೆ.

ಈ ವಿರೋಧವನ್ನು ಕಂಡವರು ಆ ಪರಂಪರೆಯ ಒಳಗೇ ಇದ್ದರು. ಆದಿಕಾಂಡದ ಮೊದಲ ಅಧ್ಯಾಯದ ಪ್ರಕಾರ ಮನುಷ್ಯನಿಗೆ ಆಹಾರವಾಗಿ ಕೊಟ್ಟುದು ಧಾನ್ಯ ಮತ್ತು ಫಲ. ಮಾಂಸದ ಅನುಮತಿ ಬಂದುದು ಜಲಪ್ರಳಯವಾದ ಮೇಲೆ, ನೋಹನಿಗೆ. ಎಂದರೆ ಸೃಷ್ಟಿಯ ಮೊದಲನೆಯ ಸಬ್ಬತ್ತಿನಂದು ಮಾಂಸದೂಟವಿರಲಿಲ್ಲ. ಪ್ಯಾಲೆಸ್ಟೈನಿನ ಅಷ್ಕೆನಾಜಿ, ಅಂದರೆ ಯೂರೋಪ್ ಮೂಲದ ಯೆಹೂದ್ಯರ, ಮೊದಲನೆಯ ಮುಖ್ಯ ರಬ್ಬಿಯಾಗಿದ್ದ, 1935ರಲ್ಲಿ ತೀರಿಕೊಂಡ ಅಬ್ರಹಾಂ ಐಸಾಕ್ ಕೂಕ್ ಅವರು ಇದನ್ನು ಹಿಡಿದು, ಮಾಂಸಾಹಾರವು ಮಾನವನ ದೌರ್ಬಲ್ಯಕ್ಕೆ ತಾತ್ಕಾಲಿಕವಾಗಿ ಕೊಟ್ಟ ಸಡಿಲಿಕೆಯೆಂದೂ, ಮನುಷ್ಯಧರ್ಮ ಪರಿಪಕ್ವವಾದ ಕಾಲದಲ್ಲಿ ಅದು ತಾನಾಗಿ ಬಿದ್ದುಹೋಗುವುದೆಂದೂ ವಾದಿಸಿದರು. ಆದರೆ ಮನುಷ್ಯನು ಮನುಷ್ಯನಿಗೇ ಕ್ರೂರನಾಗಿರುವ ತನಕ ಆ ಕಾಲವನ್ನು ಬಲವಂತದಿಂದ ಮುಂದಕ್ಕೆಳೆಯುವುದು ತರವಲ್ಲವೆಂದೂ ಎಚ್ಚರಿಸಿದರು. ಮಡಕೆಯ ಮುಂದೆ ಕಾಯುವುದನ್ನು ಕಲಿತ ಪರಂಪರೆಗೆ ಆ ಮಾತು ತಕ್ಕದ್ದೇ, ಅದರ ವಿವೇಕವನ್ನು ನಾನು ಗೌರವಿಸುತ್ತೇನೆ. ಆದರೆ ಎತ್ತಿನ ಪಾಲಿಗೆ ಬರಬೇಕಾದುದನ್ನು ಎತ್ತಿನ ಪರವಾಗಿ ಕಾಯುವ ಅಧಿಕಾರ ನಮಗೆ ಎಲ್ಲಿಂದ ಬಂತೆಂಬುದಕ್ಕೆ ಅವರ ವಾದದಲ್ಲಿ ನನಗೆ ಉತ್ತರ ದೊರೆತಿಲ್ಲ.