ಹೊಳೆಯಾಚೆಯ ಮಠ

ಶಾಂತಿಯು ಸ್ಥಳದ ಗುಣವೋ, ಕಾಣುವವನ ಮನದ ಗುಣವೋ? ರಷ್ಯಾದೇಶದ ಚಿತ್ರಕಾರ ಐಸಾಕ್ ಲೆವಿತಾನನು 1890ರಲ್ಲಿ ಬರೆದ ‘ಶಾಂತಾಶ್ರಮ’ವೆಂಬ ಚಿತ್ರವು ಈ ಪ್ರಶ್ನೆಯನ್ನೆತ್ತುತ್ತದೆ. ಸಂಜೆಯ ಹೊಂಬೆಳಕು, ಹೊಳೆಗೆ ಅಡ್ಡಲಾಗಿ ಹಳೆಯ ಮರದ ಕಾಲುಸೇತುವೆ, ಆಚೆ ಮರಗಳ ನಡುವೆ ಕ್ರೈಸ್ತಮಠದ ಶಿಖರಗಳು, ನೀರಿನಲ್ಲಿ ಅವುಗಳ ಪ್ರತಿಬಿಂಬ.

ಲೆವಿತಾನನು ಹುಟ್ಟಿನಿಂದ ಯೆಹೂದ್ಯನು. ಆ ಮಠವು ಅವನ ಕುಲದವರದಲ್ಲ. 1892ರಲ್ಲಿ ಯೆಹೂದ್ಯನೆಂಬ ಕಾರಣದಿಂದಲೇ ಅವನು ಕೆಲಕಾಲ ಮಾಸ್ಕೋ ನಗರವನ್ನು ಬಿಡಬೇಕಾಯಿತು. ಅದೇ ವರ್ಷದ ‘ಸಂಜೆಯ ಘಂಟಾನಾದ’ದಲ್ಲಿಯೂ ಅವನು ಬರೆದುದು ನದೀತೀರದ ಮಠವನ್ನೇ.

ಸ್ಥಳವೊಂದೇ ಶಾಂತಿಯನ್ನೀಯುವುದಾದರೆ ಅಂತಹ ಮಠಗಳ ನೆರೆಯವರೆಲ್ಲರೂ ಶಾಂತರಾಗಿರಬೇಕಿತ್ತು. ಮನವೊಂದೇ ಸಾಕಾಗಿದ್ದರೆ ಅವನು ಹೊಳೆಯ ದಡವನ್ನು ಅರಸಬೇಕಿರಲಿಲ್ಲ. ಸ್ಥಳವು ಕರೆಯುತ್ತದೆ, ಮನವು ಓಗೊಡುತ್ತದೆ. ನಗರವು ಅವನನ್ನು ಹೊರಗಿಟ್ಟರೂ, ಅನ್ಯರ ಗುಡಿಯನ್ನು ಅವನು ತನ್ನ ಚಿತ್ರದಿಂದ ಹೊರಗಿಡಲಿಲ್ಲ. ಇಂತಹ ನಿರ್ವೈರವಿಲ್ಲದವನಿಗೆ ಎದುರಿಗಿರುವ ಸೇತುವೆಯೂ ದಾಟಲಾರದ ಹೊಳೆಯೇ ಸರಿಯೆಂದು ಸಜ್ಜನರು ತಿಳಿಯತಕ್ಕದ್ದು.